ಡ್ರೈವರ್ ಸಿ.ಡಿ. ಎಲ್ಲಿಟ್ಟಿದೀರಣ್ಣ?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಮಂಡ್ಯ ಜಿಲ್ಲೆಯ ಈ ನಾಲ್ಕರಲ್ಲಿ ಯಾವ ಊರಿನ ತಾಲ್ಲೂಕು ಕಚೇರಿಗೆ ಹೋದರೂ ಎದುರಿಗೋ ಪಕ್ಕದ ಓಣಿಯಲ್ಲೋ ಒಂದು ಜೆರಾಕ್ಸ್ ಅಂಗಡಿ ಇದ್ದೇ ಇರುತ್ತದೆ. ಪಹಣಿ ತೆಗೆಸಲು ಬಂದವರು, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವವರು, ಸ್ಕಾಲರ್‌ಶಿಪ್ಪಿಗೆ ಆಧಾರ್ ಪ್ರತಿ ಬೇಕಾದ ಮಕ್ಕಳು, ಎಲ್ಲರ ಕೆಲಸವೂ ಅಲ್ಲಿನ ಒಂದು ಹಳೆಯ ಕಂಪ್ಯೂಟರ್ ಮತ್ತು ಒಂದು ಲೇಸರ್ ಪ್ರಿಂಟರಿನ ಮೇಲೆ ನಿಂತಿದೆ. ಆ ಪ್ರಿಂಟರ್ ಎಷ್ಟೋ ಕಡೆ ಇವೆರಡರಲ್ಲಿ ಒಂದು: ಕ್ಯಾನನ್ ಎಲ್‌ಬಿಪಿ 2900, ಇಲ್ಲವೇ ಎಚ್‌ಪಿ ಲೇಸರ್‌ಜೆಟ್ 1020. ಕಂಪ್ಯೂಟರ್ ಹಟ ಹಿಡಿದ ದಿನ ರಿಪೇರಿ ಹುಡುಗ ಬರುತ್ತಾನೆ. ಒಂದೆರಡು ಸಲ ಆಫ್-ಆನ್ ಮಾಡಿ ನೋಡಿ, "ಫಾರ್ಮ್ಯಾಟ್ ಹೊಡೀಬೇಕು" ಅನ್ನುತ್ತಾನೆ. ಅದರ ಬೆನ್ನಿಗೇ ಬರುವ ಪ್ರಶ್ನೆ ಈ ಕಸುಬಿನವರಿಗೆಲ್ಲ ಬಾಯಿಪಾಠ: "ಡ್ರೈವರ್ ಸಿ.ಡಿ. ಎಲ್ಲಿಟ್ಟಿದೀರಣ್ಣ?"

"ಡಬ್ಬದಲ್ಲೇ ಇತ್ತು ಕಣಪ್ಪ." ಡಬ್ಬ ಅಟ್ಟ ಸೇರಿ ಯಾವ ಕಾಲವಾಯಿತೋ.

ಆ ಸಿ.ಡಿ. ಇಲ್ಲದೆಯೂ ಯಂತ್ರ ಯಂತ್ರವನ್ನು ಗುರುತಿಸಿಕೊಳ್ಳುವ ಹಾಗೆ ಆದದ್ದಕ್ಕೆ ಮೂವತ್ತು ವರ್ಷಕ್ಕೂ ಮೀರಿದ ಕಥೆಯಿದೆ. ಅದರ ಹೆಚ್ಚಿನ ಪಾಲು ನಡೆದದ್ದು ಲಿನಕ್ಸ್ ಮೊದಲಾದ ಮುಕ್ತ ತಂತ್ರಾಂಶಗಳ ಲೋಕದಲ್ಲಿ, ಹೆಲ್ಸಿಂಕಿ, ಬಾಸ್ಟನ್, ಬೆಂಗಳೂರಿನಂಥ ಊರುಗಳಲ್ಲಿ. ಆದರೆ ಅದರ ಬೆಲೆ ಏನೆಂದು ಗೊತ್ತಾದದ್ದು ಸರ್ವಿಸ್ ಸೆಂಟರ್ ಇಲ್ಲದ ಊರುಗಳಲ್ಲಿ. ಬೆಂಗಳೂರಿನವರಿಗೆ ಡ್ರೈವರ್ ಸಿಗದಿದ್ದರೆ ಎಸ್.ಪಿ. ರಸ್ತೆಗೆ ಒಂದು ಆಟೋ. ನಾಗಮಂಗಲದವರಿಗೆ ಒಂದು ದಿನದ ದುಡಿಮೆ ಖೋತಾ.

ಹಿಂದಕ್ಕೆ ಹೋದರೆ, ಈ ಸೀಮೆಯಲ್ಲಿ ಕನ್ನಡವೇ ಒಂದು ಹಾರ್ಡ್‌ವೇರ್ ಆಗಿದ್ದ ಕಾಲವಿತ್ತು. ಐಐಟಿ ಕಾನ್ಪುರದಲ್ಲಿ ಹುಟ್ಟಿ, 1988ರಲ್ಲಿ ಸ್ಥಾಪನೆಯಾದ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ 'ಜಿಸ್ಟ್' ತಂತ್ರಜ್ಞಾನ ಪಿ.ಸಿ.ಗಳಿಗೆ ಬಂದದ್ದು ಒಂದು ಕಾರ್ಡಿನ ರೂಪದಲ್ಲಿ. ಕಂಪ್ಯೂಟರಿನ ಕವಚ ಬಿಚ್ಚಿ, ಮದರ್‌ಬೋರ್ಡಿನ ಖಾಲಿ ಸ್ಲಾಟಿಗೆ ಅದನ್ನು ಒತ್ತಿ ಕೂರಿಸಿದರೆ ಮಾತ್ರ ಡಾಸ್ ಪರದೆಯ ಮೇಲೆ ಕನ್ನಡ, ದೇವನಾಗರಿ ಮೂಡುತ್ತಿದ್ದವು. ವರ್ಡ್‌ಸ್ಟಾರ್, ಡಿಬೇಸ್‌ನಂಥ ಇಂಗ್ಲಿಷ್ ತಂತ್ರಾಂಶಗಳಿಗೆ ತಾವು ಕನ್ನಡ ತೋರಿಸುತ್ತಿದ್ದೇವೆಂಬ ಅರಿವೂ ಇರಲಿಲ್ಲ. ಅಕ್ಷರ ಜೋಡಿಸುವ ಕೆಲಸವೆಲ್ಲ ಕಾರ್ಡಿನದು. ಕಾರ್ಡ್ ಕೆಟ್ಟರೆ ಕನ್ನಡವೂ ಕೆಟ್ಟಿತು.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಹೆಸರನ್ನು ಇಲ್ಲಿ ಎತ್ತದೆ ಮುಂದೆ ಹೋಗುವುದು ಸರಿಯಲ್ಲ. ಎಂ.ಎ. ಲಕ್ಷ್ಮೀತಾತಾಚಾರ್ಯರು ಕಟ್ಟಿದ ಅಲ್ಲಿನ ಸಂಸ್ಕೃತ ಸಂಶೋಧನ ಸಂಸತ್ತು ತಾಳೆಗರಿಗಳ ಸಂಗ್ರಹಕ್ಕೆ ಎಷ್ಟು ಹೆಸರುವಾಸಿಯೋ, ಸಂಸ್ಕೃತ ವ್ಯಾಕರಣವನ್ನು ಕಂಪ್ಯೂಟರಿಗೆ ಹೊಂದಿಸುವ ಪ್ರಯತ್ನಕ್ಕೂ ಅಷ್ಟೇ ಹೆಸರು ಮಾಡಿತು. 1985ರಲ್ಲಿ ರಿಕ್ ಬ್ರಿಗ್ಸ್ ಎಂಬ ಸಂಶೋಧಕ ಸಂಸ್ಕೃತ ಮತ್ತು ಕೃತಕ ಬುದ್ಧಿಮತ್ತೆಯ ಬಗ್ಗೆ ಬರೆದ ಲೇಖನ ದೊಡ್ಡ ಸುದ್ದಿಯಾಗಿ, ಮರುವರ್ಷ ಬೆಂಗಳೂರಿನಲ್ಲಿ ಅದೇ ವಿಷಯಕ್ಕೆ ಸಮ್ಮೇಳನವೂ ನಡೆದಿತ್ತು. ಚೆಲುವನಾರಾಯಣನ ಬೆಟ್ಟದ ಮಗ್ಗುಲಲ್ಲಿ ವಿಭಕ್ತಿ ಪ್ರತ್ಯಯಗಳನ್ನು ಕಂಪ್ಯೂಟರಿಗೆ ಕಲಿಸುವ ಕೆಲಸ ನಡೆದಾಗ ಜಿಲ್ಲೆಯ ಎಷ್ಟೋ ಸರ್ಕಾರಿ ಕಚೇರಿಗಳು ಕಂಪ್ಯೂಟರಿನ ಮುಖ ಕಂಡಿರಲಿಲ್ಲ.

ಆ ಕಾಲದ ಪ್ರಿಂಟರುಗಳು ಮಾತ್ರ ಯಾರಿಗೂ ತೊಂದರೆ ಕೊಟ್ಟವಲ್ಲ. ಡಾಟ್ ಮ್ಯಾಟ್ರಿಕ್ಸ್ ಯಂತ್ರಗಳಲ್ಲಿ ಬಹುಪಾಲು, ತಯಾರಿಸಿದವರು ಯಾರೇ ಇರಲಿ, ಎಪ್ಸನ್ ಕಂಪನಿ ಬಳಕೆಗೆ ತಂದ ಆಜ್ಞೆಗಳನ್ನೇ ಪಾಲಿಸುತ್ತಿದ್ದವು. ಪಟ್ಟಿಯಲ್ಲಿ 'ಎಪ್ಸನ್ ಎಲ್‌ಕ್ಯೂ' ಎಂದು ಆರಿಸಿದರೆ ಸಾಕು, ಕರಕರ ಸದ್ದು ಮಾಡುತ್ತ ಕಾಗದ ಹೊರಬರುತ್ತಿತ್ತು. ಇಂಗ್ಲಿಷಿನಲ್ಲಿ ವೇಗವಾಗಿ, ಕನ್ನಡದಲ್ಲಿ ಚಿತ್ರ ಬಿಡಿಸಿದ ಹಾಗೆ ನಿಧಾನವಾಗಿ. ಹಾಲಿನ ಡೇರಿಯ ಬಿಲ್ಲು, ಬ್ಯಾಂಕಿನ ಪಾಸ್‌ಪುಸ್ತಕ, ಸೊಸೈಟಿಯ ಲೆಕ್ಕ ಎಲ್ಲಕ್ಕೂ ಅದೇ ಯಂತ್ರ. ಎಲ್ಲರೂ ಒಪ್ಪಿದ ಒಂದು ಭಾಷೆ ಇದ್ದರೆ ಡ್ರೈವರ್ ಎಂಬ ತಲೆನೋವೇ ಇರುವುದಿಲ್ಲ ಎಂಬುದಕ್ಕೆ ಡಾಟ್ ಮ್ಯಾಟ್ರಿಕ್ಸ್ ಒಳ್ಳೆಯ ಸಾಕ್ಷಿ. ಆಮೇಲೆ ಅಗ್ಗದ ಇಂಕ್‌ಜೆಟ್, ಲೇಸರುಗಳು ಬಂದವು. ಬೆಲೆ ಇಳಿಸಲು ಪ್ರಿಂಟರಿನೊಳಗಿನ ಬುದ್ಧಿಯನ್ನು ತೆಗೆದು ಕಂಪ್ಯೂಟರಿನ ಹೆಗಲಿಗೆ ಹಾಕಿದರು. ಪ್ರತಿ ಕಂಪನಿಗೂ ತನ್ನದೇ ಗುಟ್ಟಿನ ಭಾಷೆ, ಆ ಗುಟ್ಟನ್ನು ಬಲ್ಲದ್ದು ಸಿ.ಡಿ.ಯಲ್ಲಿರುವ ಡ್ರೈವರ್ ಮಾತ್ರ.

ತಾಲ್ಲೂಕು ಕೇಂದ್ರಗಳಿಗೆ ಕಂಪ್ಯೂಟರ್ ದೊಡ್ಡ ಪ್ರಮಾಣದಲ್ಲಿ ಕಾಲಿಟ್ಟದ್ದು 'ಭೂಮಿ' ಯೋಜನೆಯೊಂದಿಗೆ. 2000ದ ಆಚೀಚಿನ ಎರಡು ಮೂರು ವರ್ಷಗಳಲ್ಲಿ ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೇರಿದವು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು, 15 ರೂಪಾಯಿ ಕೊಟ್ಟು ಕಿಟಕಿಯಲ್ಲಿ ಅಚ್ಚಾದ ಪ್ರತಿ ಪಡೆಯುವ ಪದ್ಧತಿ ಬಂತು. ತಿದ್ದುಪಡಿ ಮಾಡುವ ನೌಕರ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು ಎಂಬ ನಿಯಮ ಆಗ ಅಚ್ಚರಿಯ ಸಂಗತಿ. ಕಚೇರಿಯೊಳಗೆ ಕಂಪ್ಯೂಟರ್ ಬಂದ ಮೇಲೆ ಕಚೇರಿಯ ಹೊರಗೂ ಬರಬೇಕಾಯಿತು. ಅರ್ಜಿ ಟೈಪ್ ಮಾಡುವ ಅಂಗಡಿಗಳು, ಡಿಟಿಪಿ ಸೆಂಟರುಗಳು ಎದ್ದವು. ಒಳಗೂ ಹೊರಗೂ ವಿಂಡೋಸೇ. ಹೊರಗಿನದಕ್ಕೆ ಲೈಸೆನ್ಸ್ ಇತ್ತೇ ಎಂದು ಕೇಳುವ ಗೋಜಿಗೆ ಆಗ ಯಾರೂ ಹೋಗಲಿಲ್ಲ.

ಲಿನಕ್ಸ್ ಬಂದದ್ದು ಬೇರೆ ದಾರಿಯಲ್ಲಿ. ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ 1991ರ ಆಗಸ್ಟ್ 25ರಂದು ತನ್ನ ಹೊಸ ಆಪರೇಟಿಂಗ್ ಸಿಸ್ಟಮ್ ಬಗ್ಗೆ ಪ್ರಕಟಿಸಿದಾಗ, ಅದು ತನ್ನ ಬಳಿ ಇರುವಂಥ ಎಟಿ ಹಾರ್ಡ್‌ಡಿಸ್ಕ್ ಬಿಟ್ಟು ಬೇರೇನನ್ನೂ ಬಹುಶಃ ಎಂದಿಗೂ ಬೆಂಬಲಿಸದು ಎಂದು ಮೊದಲೇ ಕೈತೊಳೆದುಕೊಂಡಿದ್ದ. ಐದು ವರ್ಷ ಕಳೆಯುವಷ್ಟರಲ್ಲಿ ಅದು ಭಾರತದ ಪತ್ರಿಕೆ ಅಂಗಡಿಗಳಿಗೆ ಬಂದಿತ್ತು. 1996ರಲ್ಲಿ ಪಿಸಿ ಕ್ವೆಸ್ಟ್ ಮಾಸಿಕ ಸಂಚಿಕೆಯ ಜೊತೆ ಲಿನಕ್ಸ್ ಸಿ.ಡಿ. ಹಂಚಿತು. ಅದರ ಹಿಂದೆ ಇದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಡಯಲ್-ಅಪ್ ಸಂಪರ್ಕದಲ್ಲಿ ನೂರಾರು ಎಂ.ಬಿ. ಇಳಿಸುವುದು ಕನಸಿನ ಮಾತಾಗಿದ್ದಾಗ ಪತ್ರಿಕೆಯ ಪ್ಲಾಸ್ಟಿಕ್ ಲಕೋಟೆಯೇ ಅಂತರ್ಜಾಲ. 2001ರಲ್ಲಿ ಚಿಟ್ನಿಸ್ ಮತ್ತು ಗೆಳೆಯರು 'ಲಿನಕ್ಸ್ ಬೆಂಗಳೂರು' ಸಮ್ಮೇಳನ ಆರಂಭಿಸಿದರು. ಅದೇ ಮುಂದೆ 'ಫಾಸ್.ಇನ್' ಆಗಿ ಲಿನಕ್ಸಿನ ತಿರುಳಾದ 'ಕರ್ನೆಲ್' ಬಲ್ಲ ಹೊರದೇಶದ ಪರಿಣತರನ್ನೂ ಬೆಂಗಳೂರಿಗೆ ಕರೆತಂದಿತು.

ಸಿ.ಡಿ. ಹಾಕಿದವರ ಪಾಡು ಮಾತ್ರ ಹೇಳತೀರದು. ಸೌಂಡ್ ಕಾರ್ಡ್ ಹಾಡಬೇಕೆಂದರೆ ಅದರ ಐಆರ್‌ಕ್ಯೂ 5, ಡಿಎಂಎ 1 ಎಂದು ಕೈಯಾರೆ ಬರೆಯಬೇಕು. ಮಾನಿಟರಿನ ಆವರ್ತನ ಸಂಖ್ಯೆಗಳನ್ನು ಕೈಪಿಡಿಯಿಂದ ಹೆಕ್ಕಿ ಒಂದು ಕಡತಕ್ಕೆ ತುಂಬಬೇಕು. ತಪ್ಪು ಸಂಖ್ಯೆ ಕೊಟ್ಟರೆ ಮಾನಿಟರ್ ಸುಟ್ಟೀತು ಎಂಬ ಎಚ್ಚರಿಕೆಯೂ ಜೊತೆಗಿರುತ್ತಿತ್ತು. ಡಯಲ್-ಅಪ್‌ಗೆಂದು ಕಂಪ್ಯೂಟರಿನೊಳಗೇ ಬರುತ್ತಿದ್ದ ಅಗ್ಗದ ಮೋಡೆಮ್‌ಗಳಂತೂ ವಿಂಡೋಸ್ ಇಲ್ಲದೆ ಉಸಿರಾಡುತ್ತಿರಲಿಲ್ಲ, 'ವಿನ್‌ಮೋಡೆಮ್' ಎಂದೇ ಅವುಗಳ ಅಡ್ಡಹೆಸರು. ಸ್ವತಂತ್ರ ತಂತ್ರಾಂಶ ಚಳವಳಿಯೇ ಹುಟ್ಟಿದ್ದು ಇಂಥ ಒಂದು ಸಿಟ್ಟಿನಿಂದ ಎಂಬುದನ್ನು ಇಲ್ಲಿ ನೆನೆಯಬಹುದು. 1980ರ ಸುಮಾರಿಗೆ ಅಮೆರಿಕದ ಎಂಐಟಿಯಲ್ಲಿ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಬಳಕೆದಾರರಿಗೆ ತಿಳಿಸುವಂತೆ ತಂತ್ರಾಂಶ ತಿದ್ದಲು ಹೊರಟ ರಿಚರ್ಡ್ ಸ್ಟಾಲ್ಮನ್‌ಗೆ ಅದರ ಮೂಲಪಾಠ ಸಿಗಲಿಲ್ಲ. ಇದ್ದವರೂ ಕೊಡಲು ಒಪ್ಪಲಿಲ್ಲ. 1983ರ ಸೆಪ್ಟೆಂಬರಿನಲ್ಲಿ ಆತ ಗ್ನೂ ಯೋಜನೆ ಘೋಷಿಸಿದ.

ಕೈಯಾರೆ ಬರೆಯುವ ಈ ಕಾಟ ತಪ್ಪಿದ್ದು ಒಂದು ಸರಳ ಉಪಾಯದಿಂದ. 90ರ ದಶಕದಲ್ಲಿ ಬಂದ ಪಿಸಿಐ ಕಾರ್ಡುಗಳು, ಆಮೇಲಿನ ಯುಎಸ್‌ಬಿ ಸಾಧನಗಳು ತಮ್ಮ ಕುಲಗೋತ್ರವನ್ನು ತಾವೇ ಹೇಳುತ್ತವೆ. ಪ್ರತಿಯೊಂದರಲ್ಲೂ ಎರಡು ಸಂಖ್ಯೆಗಳಿವೆ, ತಯಾರಕರದು ಒಂದು, ಮಾದರಿಯದು ಇನ್ನೊಂದು. ಇಂಟೆಲ್ ಕಂಪನಿ ತನ್ನ ಪಿಸಿಐ ಸಂಖ್ಯೆಯಾಗಿ 8086 ಅನ್ನು ಇಟ್ಟುಕೊಂಡಿದೆ, ತನ್ನ ಹಳೆಯ ಹೆಸರಾಂತ ಪ್ರೊಸೆಸರಿನ ನೆನಪಿಗೆ. ಲಿನಕ್ಸಿನ ಪ್ರತಿ ಡ್ರೈವರ್ ತಾನು ಯಾವ ಯಾವ ಸಂಖ್ಯೆಗಳಿಗೆ ಆಗಿಬರುತ್ತೇನೆಂಬ ಪಟ್ಟಿಯನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಸಾಧನ ಸಿಕ್ಕಿಸಿದೊಡನೆ ಕರ್ನೆಲ್ ಸಂಖ್ಯೆ ಓದಿ ಸಾರುತ್ತದೆ, 2003ರಲ್ಲಿ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಮೊದಲಾದವರು ಬರೆದ 'ಯುಡೆವ್' ಅದನ್ನು ಕೇಳಿಸಿಕೊಂಡು ತಕ್ಕ ಡ್ರೈವರನ್ನು ಎಬ್ಬಿಸುತ್ತದೆ. ಗಂಡು-ಹೆಣ್ಣಿನ ಜಾತಕ ಕೂಡಿಸುವ ಜೋಯಿಸರ ಕೆಲಸದಂತೆ ಇದೂ ಪಟ್ಟಿ ನೋಡಿ ಹೊಂದಿಸುವುದಷ್ಟೇ. ವಿಂಡೋಸ್ ಕೂಡ ಸಂಖ್ಯೆ ನೋಡಿಯೇ ಡ್ರೈವರ್ ಹುಡುಕುತ್ತದೆ. ಲಿನಕ್ಸಿನಲ್ಲಿ ಮುಖ್ಯವಾದ ವ್ಯತ್ಯಾಸವೆಂದರೆ ಡ್ರೈವರುಗಳು ಸಿ.ಡಿ.ಯಲ್ಲಿ ಬೇರೆಯಾಗಿ ಬರದೆ ಕರ್ನೆಲ್ ಜೊತೆಗೇ, ಸಾವಿರಾರು ಸಾಧನಗಳಿಗೆ ಒಟ್ಟಿಗೇ ಬಂದವು. ಕಳೆದುಹೋಗಲು ಸಿ.ಡಿ.ಯೇ ಇಲ್ಲ.

2000ದಲ್ಲಿ ಜರ್ಮನಿಯ ಕ್ಲಾಸ್ ನಾಪರ್ ಹೊರತಂದ 'ನಾಪಿಕ್ಸ್' ಇದನ್ನು ಕಣ್ಣಾರೆ ತೋರಿಸಿಕೊಟ್ಟಿತು. ಹಾರ್ಡ್‌ಡಿಸ್ಕ್ ಮುಟ್ಟದೆ ಸಿ.ಡಿ.ಯಿಂದಲೇ ಎದ್ದು ಕೂರುವ ಲಿನಕ್ಸ್ ಅದು, ಸೌಂಡು, ಪರದೆ, ನೆಟ್‌ವರ್ಕ್ ಎಲ್ಲವನ್ನೂ ತಾನೇ ಹುಡುಕಿಕೊಳ್ಳುತ್ತಿತ್ತು. ನಂಬದವರೂ ನಂಬಿದರು.

ಇಷ್ಟಾದ ಮೇಲೂ ಜೆರಾಕ್ಸ್ ಅಂಗಡಿಯ ಲೇಸರ್‌ಜೆಟ್ 1020 ಮಣಿಯಲಿಲ್ಲ. ಅದರ ಸ್ವಭಾವ ವಿಚಿತ್ರ. ಪ್ರಿಂಟರ್ ನಡೆಯಲು ಬೇಕಾದ ಒಳಗಿನ ತಂತ್ರಾಂಶ, ಅಂದರೆ ಫರ್ಮ್‌ವೇರ್, ಅದರಲ್ಲಿ ಶಾಶ್ವತವಾಗಿ ಇರುವುದೇ ಇಲ್ಲ. ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಕಂಪ್ಯೂಟರ್ ಅದನ್ನು ಯುಎಸ್‌ಬಿ ತಂತಿಯಲ್ಲಿ ಕಳಿಸಿಕೊಡಬೇಕು. ವಿಂಡೋಸ್ ಡ್ರೈವರ್ ಇದನ್ನು ಸದ್ದಿಲ್ಲದೆ ಮಾಡುತ್ತಿದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಲಿನಕ್ಸಿನಲ್ಲಿ ಪ್ರಿಂಟರ್ ಪಟ್ಟಿಯಲ್ಲಿ ಕಾಣುತ್ತಿತ್ತು, ಕೆಲಸ ಸರತಿಗೂ ಸೇರುತ್ತಿತ್ತು, ಕಾಗದ ಮಾತ್ರ ಅಲುಗುತ್ತಿರಲಿಲ್ಲ. ರಿಕ್ ರಿಚರ್ಡ್‌ಸನ್ ಎಂಬಾತ ಬರೆದ 'ಫೂ2ಝಡ್‌ಜೆಎಸ್' ಎಂಬ ಡ್ರೈವರ್ ಈ ಪ್ರಿಂಟರ್‌ಗಳ ಭಾಷೆಯನ್ನು ಬಿಡಿಸಿಟ್ಟಿತು. ಫರ್ಮ್‌ವೇರ್ ಕಡತವನ್ನು ಬೇರೆಯಾಗಿ ಇಳಿಸಿಕೊಂಡು, ಕೈಯಾರೆ ಪ್ರಿಂಟರಿಗೆ ತಳ್ಳಿದರೆ ಅಚ್ಚಾಗುತ್ತಿತ್ತು.

ಮಂಡ್ಯ ಸೀಮೆಯಲ್ಲಿ ಕರೆಂಟ್ ಹೋಗದ ದಿನವುಂಟೆ? ಲೋಡ್ ಶೆಡ್ಡಿಂಗಿನ ಕಾಲದಲ್ಲಿ ಯುಪಿಎಸ್‌ಗೆ ಲೇಸರ್ ಪ್ರಿಂಟರ್ ಜೋಡಿಸುವವರೂ ಕಡಿಮೆ, ಅದು ಕುಡಿಯುವ ವಿದ್ಯುತ್ತಿಗೆ ಸಣ್ಣ ಯುಪಿಎಸ್ ಕುಸಿದು ಬೀಳುತ್ತದೆ. ಒಮ್ಮೆ ಕರೆಂಟ್ ಹೋಗಿ ಬಂದರೆ 1020ರ ನೆನಪು ಪೂರ್ತಿ ಅಳಿಸಿಹೋಯಿತು. ಮತ್ತೆ ಟರ್ಮಿನಲ್ ತೆರೆದು ಆಜ್ಞೆ ಕೊಡಬೇಕು. ಅಂಗಡಿಯವರಿಂದ ಆಗುವ ಮಾತಲ್ಲ. ಕೊನೆಗೆ ಪರಿಹಾರ ಸಿಕ್ಕಿದ್ದು ಯುಡೆವ್‌ನಲ್ಲೇ. 1020 ಎಂಬ ಗುರುತಿನ ಸಾಧನ ಕಾಣಿಸಿದ ಕೂಡಲೇ ಫರ್ಮ್‌ವೇರ್ ಕಳಿಸು ಎಂಬ ಒಂದು ನಿಯಮ ಬರೆದಿಟ್ಟರೆ ಮುಗಿಯಿತು. ಕರೆಂಟ್ ಬಂದು ಪ್ರಿಂಟರ್ ಎದ್ದರೆ ಅದೇ ಕ್ಷಣ ಕಡತ ಹೋಗಿ ಸೇರುತ್ತದೆ. ಎಚ್‌ಪಿ ಕಂಪನಿಯ ಮುಕ್ತ ತಂತ್ರಾಂಶ ಎಚ್‌ಪಿಲಿಪ್ ಕೂಡ ಮುಂದೆ ಇದನ್ನು ತನ್ನೊಳಗೆ ಸೇರಿಸಿಕೊಂಡಿತು. ಆದರೆ ಫರ್ಮ್‌ವೇರ್ ಇರುವ 'ಪ್ಲಗ್-ಇನ್' ಮುಕ್ತವಲ್ಲ, ಅದನ್ನು ಮೊದಲ ಸಲ ಇಂಟರ್‌ನೆಟ್‌ನಿಂದ ತರಿಸಿಕೊಂಡು ಷರತ್ತು ಒಪ್ಪಬೇಕು.

ಇಂಟರ್‌ನೆಟ್ಟೇ ಇಲ್ಲದಿದ್ದರೆ?

ಈ ಮೊಟ್ಟೆ-ಕೋಳಿ ಪ್ರಶ್ನೆ ಹೆಚ್ಚು ಕಾಡಿದ್ದು ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು. 2007ರಲ್ಲಿ ಕೆ.ಆರ್. ಪೇಟೆಗೆ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಬಂತು. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ಮಠದ ಎಂಜಿನಿಯರಿಂಗ್ ಕಾಲೇಜು ಬೆಳೆಯಿತು. ವಿಟಿಯು ಪಠ್ಯದಲ್ಲಿ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳಿಗೆ ಯುನಿಕ್ಸ್ ಹಾಗೂ ಲೆಕ್ಸ್-ಯಾಕ್ ಪ್ರಯೋಗಗಳಿದ್ದವು. ಲ್ಯಾಬಿನ ಪರೀಕ್ಷೆಗೆ ತಯಾರಾಗಲು ರೂಮಿನ ಲ್ಯಾಪ್‌ಟಾಪಿಗೆ ಲಿನಕ್ಸಿನ ರೂಪಗಳಾದ ಫೆಡೋರಾನೋ ಉಬುಂಟುವೋ ಹಾಕಿಕೊಳ್ಳುವುದು ಆ ತಲೆಮಾರಿನ ವಾಡಿಕೆ. ಉಬುಂಟು ಸಿ.ಡಿ.ಗೆ ಕಾಸೂ ಇರಲಿಲ್ಲ. 'ಶಿಪ್‌ಇಟ್' ಎಂಬ ವ್ಯವಸ್ಥೆಯಲ್ಲಿ ವಿಳಾಸ ಬರೆದು ಕೋರಿದರೆ ಅಂಚೆಯಲ್ಲೇ ಮನೆಗೆ ಬರುತ್ತಿತ್ತು. 2011ರಲ್ಲಿ ನಿಲ್ಲುವವರೆಗೂ ಹೊರದೇಶದ ಲಕೋಟೆ ಹಿಡಿದು ಬಂದ ಪೋಸ್ಟ್‌ಮ್ಯಾನ್ ಹಳ್ಳಿಮನೆಗಳಲ್ಲಿ ಸಣ್ಣ ಕುತೂಹಲವನ್ನೇ ಎಬ್ಬಿಸುತ್ತಿದ್ದ.

ಉಬುಂಟು ಹಾಕಿದ್ದಾಯಿತು, ವೈ-ಫೈ ಇಲ್ಲ. ಆ ದಿನಗಳ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಬ್ರಾಡ್‌ಕಾಮ್ ಕಂಪನಿಯ ವೈ-ಫೈ ಚಿಪ್. ಅದರ ಫರ್ಮ್‌ವೇರನ್ನು ಲಿನಕ್ಸ್ ಜೊತೆ ಹಂಚಲು ಕಂಪನಿಯ ಅನುಮತಿ ಇರಲಿಲ್ಲ. ಇಂಟರ್‌ನೆಟ್‌ನಿಂದ ಇಳಿಸಬೇಕು, ಇಳಿಸಲು ವೈ-ಫೈ ಬೇಕು. 2007ರ ಏಪ್ರಿಲ್‌ನ ಉಬುಂಟು 7.04 ಒಂದು ಗುಂಡಿ ಒತ್ತಿ ಇಂಥ ಮುಚ್ಚಿದ ಡ್ರೈವರುಗಳನ್ನು ಹಾಕಿಕೊಳ್ಳುವ ಕಿಟಕಿಯನ್ನು ಪರಿಚಯಿಸಿತು. ಬೆಂಗಳೂರಿನ ಪಿ.ಜಿ.ಯಲ್ಲಿ ಅದು ಪವಾಡ, ನೆಟ್‌ವರ್ಕ್ ಕೇಬಲ್ ಇಲ್ಲದ ಹಾಸ್ಟೆಲ್ಲಿನಲ್ಲಿ ಬರೀ ಬೂದು ಬಣ್ಣದ ಗುಂಡಿ. ಮುಂದೆ ಈ ಗಂಟನ್ನು ಬಿಚ್ಚಿದ್ದು ಯಾರೂ ಎಣಿಸದ ಒಂದು ಸಾಧನ. 2010ರಿಂದಾಚೆಗೆ ಆಂಡ್ರಾಯ್ಡ್ ಫೋನುಗಳು ಯುಎಸ್‌ಬಿ ತಂತಿಯ ಮೂಲಕ ಇಂಟರ್‌ನೆಟ್ ಹಂಚಿಕೊಳ್ಳಲು ಕಲಿತವು, ಅದಕ್ಕೆ ಬೇಕಾದ ಡ್ರೈವರ್ ಲಿನಕ್ಸಿನಲ್ಲಿ ಆಗಲೇ ಇತ್ತು. ಫೋನ್ ಸಿಕ್ಕಿಸಿ ಗುಂಡಿ ಒತ್ತಿದರೆ ವೈ-ಫೈ ಚಿಪ್ಪಿಗೂ ಜೀವ ಬಂತು.

ಫೋನಿಗಿಂತ ಮೊದಲು ಕೆಲ ವರ್ಷ ಆಳಿದ್ದು ಡೇಟಾ ಕಾರ್ಡು, ಜನರ ಬಾಯಲ್ಲಿ 'ಡಾಂಗಲ್'. ಟಾಟಾ ಫೋಟಾನ್, ರಿಲಯನ್ಸ್ ನೆಟ್‌ಕನೆಕ್ಟ್, ಬಿಎಸ್‌ಎನ್‌ಎಲ್ 3ಜಿ. ಹುವಾವೆ, ಝಡ್‌ಟಿಇ ಕಂಪನಿಗಳು ಮಾಡಿದ ಈ ಬೆರಳುದ್ದದ ಯಂತ್ರಗಳು ಒಂದು ಜಾಣತನ ಮಾಡಿದ್ದವು. ಸಿಕ್ಕಿಸಿದ ಕೂಡಲೇ ಮೋಡೆಮ್ ಎಂದು ಹೇಳಿಕೊಳ್ಳದೆ ಸಿ.ಡಿ. ಡ್ರೈವ್‌ನಂತೆ ನಟಿಸುತ್ತಿದ್ದವು. ಆ ಸುಳ್ಳು ಸಿ.ಡಿ.ಯೊಳಗೆ ವಿಂಡೋಸ್ ಡ್ರೈವರ್ ಇರುತ್ತಿತ್ತು, ಅದನ್ನು ಹಾಕಿದ ಮೇಲೆ ಮೋಡೆಮ್ ಆಗಿ ವೇಷ ಬದಲಿಸುತ್ತಿದ್ದವು. ಸಿ.ಡಿ. ಕಳೆಯುವ ಕಷ್ಟಕ್ಕೆ ತಯಾರಕರು ಕಂಡುಕೊಂಡ ಪರಿಹಾರವಿದು, ಮೆಚ್ಚಬೇಕಾದ್ದೇ. ಲಿನಕ್ಸ್ ಬಳಸುವವರಿಗೆ ಮಾತ್ರ ಡಾಂಗಲ್ ಕಡೆಯವರೆಗೂ ಸಿ.ಡಿ.ಯಾಗಿಯೇ ಉಳಿಯುತ್ತಿತ್ತು. ಹುವಾವೆ ಇ1550 ಮೊದಲು 1446 ಎಂಬ ಮಾದರಿ ಸಂಖ್ಯೆ ತೋರಿಸುತ್ತಿತ್ತು, ತಕ್ಕ ಸಂದೇಶ ಕಳಿಸಿದರೆ ಒಂದೆರಡು ಕ್ಷಣ ಮಾಯವಾಗಿ 1001 ಎಂಬ ಹೊಸ ಸಂಖ್ಯೆಯೊಡನೆ ಮೋಡೆಮ್ ಆಗಿ ಪ್ರತ್ಯಕ್ಷವಾಗುತ್ತಿತ್ತು. ಜರ್ಮನಿಯ ಯೋಸುವಾ ಡೀಟ್ಜ್ ಬರೆದ 'ಯುಎಸ್‌ಬಿ ಮೋಡ್‌ಸ್ವಿಚ್' ಮಾಡಿದ್ದು ಇದನ್ನೇ. ಲೋಕದ ಮೂಲೆಮೂಲೆಯ ಬಳಕೆದಾರರು ತಮ್ಮ ತಮ್ಮ ಡಾಂಗಲ್ಲಿನ ಸಂಖ್ಯೆ, ಸಂದೇಶ ಕಂಡುಹಿಡಿದು ಕಳಿಸುತ್ತ ಹೋದರು, ಪಟ್ಟಿ ಬೆಳೆಯಿತು. ಭಾರತದ ಮೊಬೈಲ್ ಕಂಪನಿಗಳ ಎಪಿಎನ್ ವಿವರಗಳೂ ಇಂಥದೇ ಇನ್ನೊಂದು ಪಟ್ಟಿಗೆ ಸೇರಿದವು. ಎರಡೂ ಉಬುಂಟುವಿನೊಳಗೇ ಬರತೊಡಗಿದ ಮೇಲೆ ಡಾಂಗಲ್ ಸಿಕ್ಕಿಸಿ ಕಂಪನಿಯ ಹೆಸರು ಆರಿಸುವುದಷ್ಟೇ ಬಾಕಿ. ವಿಂಡೋಸಿಗಿಂತ ಲಿನಕ್ಸಿನಲ್ಲೇ ಸುಲಭ ಎಂದು ಹೇಳುವ ಅಪರೂಪದ ಸಂದರ್ಭವದು.

ಕಂಪನಿಗಳ ಧೋರಣೆಯೂ ಹೊತ್ತು ಹೋದಂತೆ ಬದಲಾಯಿತು. ಕರ್ನೆಲ್ ಹೊಸದಾದಾಗಲೆಲ್ಲ ಹೊರಗಿನ ಡ್ರೈವರ್ ಮುರಿದುಬೀಳದಂತೆ ತಾನೇ ಮತ್ತೆ ಕಟ್ಟಿಕೊಳ್ಳುವ 'ಡಿಕೆಎಂಎಸ್' ವ್ಯವಸ್ಥೆಯನ್ನು ಡೆಲ್ 2003ರಲ್ಲಿ ರೂಪಿಸಿತು. 2007ರಲ್ಲಿ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಬಹಿರಂಗ ಆಹ್ವಾನವನ್ನೇ ಕೊಟ್ಟರು: ವಿವರಗಳನ್ನು ಕೊಡಿ, ಡ್ರೈವರನ್ನು ನಾವು ಪುಕ್ಕಟೆ ಬರೆದುಕೊಡುತ್ತೇವೆ. ಅದೇ ವರ್ಷ ಎಎಂಡಿ ತನ್ನ ಗ್ರಾಫಿಕ್ಸ್ ಚಿಪ್ಪುಗಳ ವಿವರ ಬಿಚ್ಚಿಟ್ಟಿತು. 2010ರಲ್ಲಿ ಬ್ರಾಡ್‌ಕಾಮ್ ತನ್ನ ಹೊಸ ವೈ-ಫೈ ಚಿಪ್ಪುಗಳಿಗೆ ಮುಕ್ತ ಡ್ರೈವರ್ ಕೊಟ್ಟಿತು. ಎನ್ವಿಡಿಯಾ ಬಹಳ ಕಾಲ ಬಗ್ಗಲಿಲ್ಲ. 2012ರಲ್ಲಿ ಫಿನ್ಲೆಂಡಿನ ಸಭೆಯೊಂದರಲ್ಲಿ ಟೋರ್ವಾಲ್ಡ್ಸ್ ಅದರ ಬಗ್ಗೆ ಆಡಿದ ಮಾತು ಅಚ್ಚು ಹಾಕುವಂಥದ್ದಲ್ಲ. ಹತ್ತು ವರ್ಷದ ನಂತರ, 2022ರ ಮೇ ತಿಂಗಳಲ್ಲಿ, ಎನ್ವಿಡಿಯಾ ಕರ್ನೆಲ್ ಡ್ರೈವರಿನ ಮೂಲಪಾಠ ಬಿಡುಗಡೆ ಮಾಡಿತು.

ಮುಕ್ತ ತಂತ್ರಾಂಶದವರ ಒಳಜಗಳವೂ ಕಡಿಮೆಯದಲ್ಲ. ಮುಕ್ತವಲ್ಲದ ಫರ್ಮ್‌ವೇರನ್ನು ಅಧಿಕೃತ ಸಿ.ಡಿ.ಯಲ್ಲಿ ಸೇರಿಸುವುದಿಲ್ಲ ಎಂದು, ಲಿನಕ್ಸನ್ನು ಜೋಡಿಸಿ ಹಂಚುವ ಡೆಬಿಯನ್ ಯೋಜನೆ ವರ್ಷಗಟ್ಟಲೆ ಪಟ್ಟು ಹಿಡಿದಿತ್ತು. 2022ರ ಮತದಾನದಲ್ಲಿ ಆ ಪಟ್ಟು ಸಡಿಲವಾಗಿ, 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಫರ್ಮ್‌ವೇರ್ ಒಳಗೇ ಬಂತು. ತತ್ವನಿಷ್ಠರು ನೊಂದುಕೊಂಡರು. ಆದರೆ ಬಸ್ ಹಿಡಿದು ಪೇಟೆಗೆ ಹೋಗಿ ಪೆನ್‌ಡ್ರೈವ್‌ನಲ್ಲಿ ಫರ್ಮ್‌ವೇರ್ ತರಬೇಕಾದವರ ಮುಂದೆ ಆ ತತ್ವ ಎಷ್ಟು ಹೊತ್ತು ನಿಂತೀತು? ಡೆಬಿಯನ್ ಈ ತೀರ್ಮಾನಕ್ಕೆ ಇನ್ನೂ ಹತ್ತು ವರ್ಷ ಮೊದಲೇ ಬಂದಿದ್ದರೆ ನಾಲ್ಕಾರು ಜನ ಹೆಚ್ಚಿಗೆ ಉಳಿದುಕೊಳ್ಳುತ್ತಿದ್ದರು.

ಶಾಲೆಗಳಲ್ಲಿ ಡ್ರೈವರಿನ ಈ ಪ್ರಶ್ನೆಗೆ ಎರಡು ರಾಜ್ಯಗಳು ಎರಡು ಬಗೆಯ ಉತ್ತರ ಕಂಡುಕೊಂಡವು. ಕರ್ನಾಟಕದಲ್ಲಿ 2010-11ರಿಂದ ಶಿಕ್ಷಕರ ತರಬೇತಿ ನೋಡಿಕೊಳ್ಳುವ ಡಿಎಸ್‌ಇಆರ್‌ಟಿ, ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ಜೊತೆಗೂಡಿ 'ವಿಷಯ ಶಿಕ್ಷಕರ ವೇದಿಕೆ' ನಡೆಸಿತು. ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಮೇಷ್ಟ್ರು, ಮೇಡಂಗಳು ಉಬುಂಟು, ಜಿಯೋಜೆಬ್ರಾಗಳಲ್ಲಿ ಪಳಗಿದರು. ತರಬೇತಿ ಮುಗಿಸಿ ಊರಿಗೆ ಮರಳಿದವರನ್ನು ಕಾಯುತ್ತಿದ್ದದ್ದು ಮಾತ್ರ ಬೇರೆ ಬೇರೆ ಯೋಜನೆಗಳಲ್ಲಿ, ಬೇರೆ ಬೇರೆ ಟೆಂಡರುಗಳಲ್ಲಿ ಬಂದ ಬಗೆಬಗೆಯ ಯಂತ್ರಗಳು. ಪ್ರೊಜೆಕ್ಟರ್ ಒಂದು ಕಂಪನಿಯದು, ಪ್ರಿಂಟರ್ ಇನ್ನೊಂದರದು.

ಕೇರಳ ಇನ್ನೊಂದು ತುದಿಯಿಂದ ಹೊರಟಿತು. 2001ರಲ್ಲಿ ಆರಂಭವಾಗಿ 2017ರಲ್ಲಿ 'ಕೈಟ್' ಎಂಬ ಸಂಸ್ಥೆಯಾದ ಐಟಿ@ಸ್ಕೂಲ್, ರಾಜ್ಯದ ಎಲ್ಲ ಶಾಲೆಗಳಿಗೂ ಒಂದೇ ಲಿನಕ್ಸನ್ನು ತಾನೇ ಸಿದ್ಧಮಾಡಿ ಕೊಡುತ್ತದೆ. 2019ರ ಆವೃತ್ತಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳನ್ನು ಉದ್ದೇಶಿಸಿತ್ತು. ಪಾಠಕ್ಕೆ ಬೇಕಾದ್ದೆಲ್ಲ ಅದರೊಳಗೇ ಇರುವುದರಿಂದ ಪ್ರತಿ ಶಾಲೆಯೂ ತಾನೇ ಹುಡುಕಿ ಹಾಕಿಕೊಳ್ಳುವ ಕೆಲಸ ಉಳಿಯುವುದಿಲ್ಲ. ಕಾಸರಗೋಡು, ಮಂಜೇಶ್ವರದ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಐಸಿಟಿ ಪಠ್ಯಪುಸ್ತಕವನ್ನು ಕನ್ನಡದಲ್ಲಿ ಓದುತ್ತ ಲಿನಕ್ಸ್ ಕಲಿಯುತ್ತಾರೆ. ಕನ್ನಡದಲ್ಲಿ ಲಿನಕ್ಸ್ ಪಾಠ ಗಟ್ಟಿಯಾಗಿ ನೆಲೆಯೂರಿದ್ದು ಕರ್ನಾಟಕದ ಗಡಿಯಾಚೆ ಎಂಬುದು ಸ್ವಲ್ಪ ಮುಜುಗರದ ಮಾತೇ.

ಕೀಲಿಮಣೆಯ ವಿಷಯದಲ್ಲಿ ಮುಜುಗರಪಡಬೇಕಿಲ್ಲ. ಕೆ.ಪಿ. ರಾವ್ ರೂಪಿಸಿದ ಧ್ವನ್ಯಾತ್ಮಕ ವಿನ್ಯಾಸವನ್ನು ಕನ್ನಡ ಗಣಕ ಪರಿಷತ್ತಿನ 'ನುಡಿ' ಮನೆಮನೆಗೆ ಮುಟ್ಟಿಸಿತು. ನುಡಿ ಇದ್ದದ್ದು ವಿಂಡೋಸಿಗೆ. ಲಿನಕ್ಸಿಗೆ ಬಂದವರು ಮೊದಮೊದಲು ಕೈ ಕಟ್ಟಿಹಾಕಿದಂತೆ ಒದ್ದಾಡಿದರು. ಈಗ ಅದೇ ವಿನ್ಯಾಸ 'ಕಗಪ' ಎಂಬ ಹೆಸರಿನಲ್ಲಿ ಲಿನಕ್ಸಿನ ಮೂಲ ಕೀಲಿಮಣೆ ಪಟ್ಟಿಗೇ ಸೇರಿದೆ. ಹೊಸದಾಗಿ ಉಬುಂಟು ಹಾಕಿ, ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಕಗಪ ಆರಿಸಿದರೆ ಟೈಪಿಂಗ್ ಶುರು. ಲೋಹಿತ್, ಗುಬ್ಬಿ, ನವಿಲು ಅಕ್ಷರಶೈಲಿಗಳೂ ಕೈಗೆಟಕುವಲ್ಲೇ ಇವೆ. ಒಂದು ಕಾಲಕ್ಕೆ ಕಂಪ್ಯೂಟರಿನ ಕವಚ ಬಿಚ್ಚಿ ಕಾರ್ಡ್ ಕೂರಿಸಬೇಕಿದ್ದ ಕೆಲಸ ಇದು. ಡಿಟಿಪಿ ಅಂಗಡಿಗಳಲ್ಲಿ ಹಳೆಯ ನುಡಿ ಅಕ್ಷರಗಳಲ್ಲಿ ಕೂಡಿಟ್ಟ ಮದುವೆ ಪತ್ರಿಕೆಗಳು, ವಂದನೆ ಪತ್ರಗಳು ಯುನಿಕೋಡಿಗೆ ತಾವಾಗಿ ಬರುವುದಿಲ್ಲ, ಪರಿವರ್ತಕದಲ್ಲಿ ಹಾಯಿಸಿ ಒತ್ತಕ್ಷರ ತಿದ್ದಬೇಕು. ಅಂಗಡಿಯವರು ವಿಂಡೋಸ್ ಬಿಡದಿರಲು ಅದೂ ಒಂದು ಕಾರಣ.

ಇನ್ನೊಂದು ಕಾರಣ ಮೇಜಿನ ಮೇಲೆ ಕೂತಿರುವ ಕ್ಯಾನನ್ 2900. ಕ್ಯಾನನ್ ಅದಕ್ಕೆ ಲಿನಕ್ಸ್ ಡ್ರೈವರ್ ಕೊಟ್ಟಿತ್ತು, ಆದರೆ ಮುಚ್ಚಿದ್ದು, 32 ಬಿಟ್ ಕಾಲದ್ದು. ಹಿನ್ನೆಲೆಯಲ್ಲಿ ಓಡುವ ಅದರ ಸೇವಕ ತಂತ್ರಾಂಶ ಆಗಾಗ ಮುನಿಸಿಕೊಂಡು ಸುಮ್ಮನಾಗುತ್ತಿತ್ತು. ಪ್ರಿಂಟರಿನ ಗುಟ್ಟಿನ ಭಾಷೆಯನ್ನು ಬಳಕೆದಾರರು ಒಡೆದು ಬರೆದ ಮುಕ್ತ ಡ್ರೈವರೂ ಈಗ ಇದೆ, ಗೊತ್ತಿರುವವರಿಗೆ. ಹೊಸ ಪ್ರಿಂಟರುಗಳಲ್ಲಿ ಈ ರಗಳೆಯಿಲ್ಲ. 2010ರಲ್ಲಿ ಆ್ಯಪಲ್ ತಂದ ಏರ್‌ಪ್ರಿಂಟ್, ಅದರ ಜೊತೆಗಾರ 'ಐಪಿಪಿ ಎವ್ರಿವೇರ್' ಮೂಲಕ ಪ್ರಿಂಟರುಗಳು ಮತ್ತೆ ಎಲ್ಲರೂ ಒಪ್ಪಿದ ಒಂದು ಭಾಷೆಗೆ ಬಂದಿವೆ. ಡಾಟ್ ಮ್ಯಾಟ್ರಿಕ್ಸ್ ಕಾಲದ ನೆಮ್ಮದಿ ಮೂವತ್ತು ವರ್ಷ ಸುತ್ತಿ ವಾಪಸ್ ಬಂದಂತಾಯಿತು. ಲಿನಕ್ಸಿನ ಮುದ್ರಣ ವ್ಯವಸ್ಥೆ 'ಕಪ್ಸ್' ಹಳೆಯ ಮಾದರಿಯ ಡ್ರೈವರುಗಳನ್ನೇ ಕೈಬಿಡುವ ದಾರಿಯಲ್ಲಿದೆ. ಆದರೆ 2900 ಸಾಯುವ ಜಾತಿಯದಲ್ಲ. ಟೋನರ್ ತುಂಬಿಸಿ, ರೋಲರ್ ಬದಲಿಸಿ ಅದನ್ನು ಇನ್ನೂ ಓಡಿಸುತ್ತಿದ್ದಾರೆ.

ಬೆರಳಚ್ಚು ಯಂತ್ರದ ಕಥೆ ಇನ್ನೂ ಬಿಗಿ. ಆಧಾರ್ ದೃಢೀಕರಣಕ್ಕೆ ಯುಐಡಿಎಐ ನೋಂದಾಯಿತ ಸಾಧನವೇ ಬೇಕು, ಅದರ ಜೊತೆ ತಯಾರಕರು ಕೊಡುವ ಸೇವಾ ತಂತ್ರಾಂಶ ಓಡುತ್ತಿರಬೇಕು. ಅದು ಮುಖ್ಯವಾಗಿ ವಿಂಡೋಸ್, ಆಂಡ್ರಾಯ್ಡ್‌ಗಳಿಗೆ ಬರುತ್ತದೆ. ಆಂಡ್ರಾಯ್ಡಿನ ಒಳಗಿರುವುದೂ ಲಿನಕ್ಸ್ ಕರ್ನೆಲ್ಲೇ ಎಂಬುದು ಅಂಗಡಿಯವರಿಗೆ ಸಮಾಧಾನ ತರುವ ವಿಷಯವಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಿತು. ವಿಂಡೋಸ್ 11 ಅಧಿಕೃತವಾಗಿ ಬೇಡುವುದು ಟಿಪಿಎಂ 2.0 ಚಿಪ್ಪನ್ನು, ಇಂಟೆಲ್ ಆದರೆ ಎಂಟನೇ ಅಥವಾ ಅದರ ನಂತರದ ತಲೆಮಾರಿನ ಪ್ರೊಸೆಸರನ್ನು. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ಪುಟ್ಟ ಊರುಗಳಲ್ಲಿ ಓಡುತ್ತಿರುವ ಎಷ್ಟೋ ಯಂತ್ರಗಳು ಈ ಗೆರೆಯ ಕೆಳಗಿವೆ. ಅವುಗಳ ಸೌಂಡು, ವೈ-ಫೈ, ಗ್ರಾಫಿಕ್ಸ್ ಬಹುತೇಕ ಎಲ್ಲಕ್ಕೂ ಡ್ರೈವರ್ ಕರ್ನೆಲ್‌ನೊಳಗೆ ವರ್ಷಗಳಿಂದ ಸಿದ್ಧವಿದೆ, ಹಳೆಯದಾದಷ್ಟೂ ಬೆಂಬಲ ಪಕ್ಕಾ. ತೀರಾ ಹಳೆಯದಾದರೆ ಅಲ್ಲೂ ಬಾಗಿಲು ಮುಚ್ಚುತ್ತಿದೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ನ್ನು 32 ಬಿಟ್ ಯಂತ್ರಗಳ ಮೇಲೆ ಹೊಸದಾಗಿ ಹಾಕಲು ಬರುವುದಿಲ್ಲ. ಉಳಿದವರಲ್ಲಿ ಕೆಲವರು ಎರಡು ವ್ಯವಸ್ಥೆ ಇಟ್ಟುಕೊಳ್ಳುವ ದಾರಿ ಹಿಡಿಯಬಹುದು: ದಿನದ ಟೈಪಿಂಗು, ಬ್ರೌಸಿಂಗು, ಸ್ಕ್ಯಾನಿಂಗು ಲಿನಕ್ಸಿನಲ್ಲಿ, ಬೆರಳಚ್ಚು ಒತ್ತುವ ಅರ್ಜಿಗೆ ಮಾತ್ರ ವಿಂಡೋಸು.